ಕಲಬುರಗಿಯ ಬಿಸಿಲಿಗೆ ಪಳಗಿದವರು ದುಬೈ ಸೆಕೆಯಲ್ಲಿ ಓಡುವುದು ಹೇಗೆ?

ಪ್ರಶ್ನೆ: ನಾನು ಕಲಬುರಗಿಯವನು. ವಯಸ್ಸು 34, ತೂಕ 70 ಕೆ.ಜಿ. ಊರಲ್ಲಿದ್ದಾಗ ವಾರಕ್ಕೆ ಐದು ದಿನ ಬೆಳಿಗ್ಗೆ ಅಪ್ಪನ ಕೆರೆಯ ಸುತ್ತ 8 ಕಿ.ಮೀ. ಓಡುತ್ತಿದ್ದೆ. ಕಿ.ಮೀ.ಗೆ 6 ನಿಮಿಷದ ವೇಗ. ಮೇ ತಿಂಗಳಲ್ಲೂ ಬಿಟ್ಟವನಲ್ಲ. ಜುಲೈನಲ್ಲಿ ಕೆಲಸಕ್ಕೆಂದು ದುಬೈಗೆ ಬಂದೆ, ಅಲ್ ನಹ್ದಾದಲ್ಲಿ ಇದ್ದೇನೆ. ಬೆಳಿಗ್ಗೆ 5ಕ್ಕೇ ಹೊರಟರೂ ಎರಡನೇ ಕಿ.ಮೀ.ನಲ್ಲಿ ವಾಚು 172 ಬಡಿತ ತೋರಿಸುತ್ತದೆ. ಮೂರನೆಯದರಲ್ಲಿ ತಲೆ ಸುತ್ತುತ್ತದೆ. ಮೊಬೈಲ್‌ನಲ್ಲಿ ನೋಡಿದರೆ ಬರೀ 31 ಡಿಗ್ರಿ. ಊರಾಗ ಅಂಥಾ ಬಿಸಲಾಗ ಓಡಿದವಗ ಇದು ಯಾಕ ತಡಕೊಳ್ಳಾಕ ಆಗವಲ್ದು? ನವೆಂಬರ್‌ವರೆಗೆ ಓಟ ನಿಲ್ಲಿಸಿಬಿಡಲೇ? ಫೆಬ್ರುವರಿಯಲ್ಲಿ ರಾಸ್ ಅಲ್ ಖೈಮಾದ ಹಾಫ್ ಮ್ಯಾರಥಾನ್ (21.1 ಕಿ.ಮೀ.) ಓಡುವ ಆಸೆಯಿದೆ. ಇಲ್ಲಿ ಎಲ್ಲಿ ಓಡಬೇಕು, ಯಾವ ನಿಯಮ ಪಾಲಿಸಬೇಕು ಎಂಬುದನ್ನೂ ತಿಳಿಸಿ.

ಉತ್ತರ: ನಿಲ್ಲಿಸಬೇಡಿ. ಆದರೆ ಊರಿನ 8 ಕಿ.ಮೀ., ಊರಿನ 6 ನಿಮಿಷ, ಈ ಎರಡನ್ನೂ ಅಕ್ಟೋಬರ್‌ವರೆಗೆ ಮರೆತುಬಿಡಿ. ನಿಮ್ಮ ದೇಹ ಸೋತಿಲ್ಲ, ಓಟದ ಶಕ್ತಿಯೂ ಕುಂದಿಲ್ಲ. ನೀವು ಪಳಗಿದ್ದು ಒಣ ಝಳಕ್ಕೆ. ಈಗ ಓಡುತ್ತಿರುವುದು ನೀರು ತುಂಬಿದ ಗಾಳಿಯಲ್ಲಿ.

ಇದನ್ನು ಕಲಬುರಗಿಯ ಮನೆಮನೆಯ ಕೂಲರ್ ಚೆನ್ನಾಗಿ ತೋರಿಸುತ್ತದೆ. ಏಪ್ರಿಲ್, ಮೇನಲ್ಲಿ ಹುಲ್ಲಿನ ಮೇಲೆ ನೀರು ಬಿದ್ದರೆ ಕೋಣೆ ತಣ್ಣಗಾಗುತ್ತದೆ. ಅದೇ ಕೂಲರ್ ಮಳೆಗಾಲದಲ್ಲಿ ಹಚ್ಚಿದರೆ ಮೈ ಅಂಟಂಟಾಗುವುದು ಬಿಟ್ಟು ಬೇರೇನೂ ಆಗುವುದಿಲ್ಲ. ನೀರು ಆವಿಯಾಗಬೇಕಾದರೆ ಗಾಳಿಯಲ್ಲಿ ಅದಕ್ಕೆ ಜಾಗ ಇರಬೇಕು. ಬೆವರಿನ ಕೆಲಸವೂ ಅಷ್ಟೇ. ಹನಿಹನಿಯಾಗಿ ನೆಲಕ್ಕೆ ಬಿದ್ದ ಬೆವರು ದೇಹವನ್ನು ತಂಪು ಮಾಡುವುದಿಲ್ಲ, ಚರ್ಮದ ಮೇಲೇ ಆವಿಯಾದದ್ದು ಮಾತ್ರ ಮಾಡುತ್ತದೆ.

ಲೆಕ್ಕ ಹಾಕಿ ನೋಡಿ. ಓಟಕ್ಕೆ ತಗಲುವ ಶಕ್ತಿ ಸುಮಾರಾಗಿ ಕಿ.ಮೀ.ಗೆ, ಕೆ.ಜಿ.ಗೆ 1 ಕಿಲೋಕ್ಯಾಲರಿ. 70 ಕೆ.ಜಿ. ತೂಕದ ನೀವು ಗಂಟೆಗೆ 10 ಕಿ.ಮೀ. ಓಡಿದರೆ 700 ಕಿಲೋಕ್ಯಾಲರಿ ಖರ್ಚು. ಅದರಲ್ಲಿ ಮುಕ್ಕಾಲಿಗಿಂತ ಹೆಚ್ಚು, ಅಂದರೆ 550ರ ಆಸುಪಾಸು, ಬರೀ ಶಾಖವಾಗಿ ಹೊರಹೋಗಬೇಕು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಒಯ್ಯುತ್ತದೆ. ಹೊರಗಿನ ಗಾಳಿ ಹೆಚ್ಚುಕಡಿಮೆ ಚರ್ಮದಷ್ಟೇ ಬಿಸಿಯಿದ್ದಾಗ ದೇಹಕ್ಕೆ ಉಳಿಯುವ ದಾರಿ ಇದೊಂದೇ: ಗಂಟೆಗೆ ಹತ್ತಿರ ಹತ್ತಿರ ಒಂದು ಲೀಟರ್ ಬೆವರು ಆವಿಯಾಗಲೇಬೇಕು. ಮೇ ತಿಂಗಳ ಕಲಬುರಗಿಯ ಒಣ ಮುಂಜಾವಿನಲ್ಲಿ ಅದು ಸಲೀಸಾಗಿ ಆಗುತ್ತದೆ. ಆಗಸ್ಟ್‌ನ ದುಬೈಯಲ್ಲಿ ಚರ್ಮದಿಂದ ಗಾಳಿಗೆ ಆವಿ ಎಳೆದುಕೊಳ್ಳುವ ಬಲ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಉಳಿದ ಶಾಖ ಒಳಗೇ ಸೇರುತ್ತ ಹೋಗುತ್ತದೆ. ಅದನ್ನು ಹೊರಹಾಕಲು ಹೃದಯ ಚರ್ಮದ ಕಡೆಗೆ ಹೆಚ್ಚು ರಕ್ತ ತಳ್ಳಬೇಕು, ಕಾಲಿನ ಸ್ನಾಯುಗಳಿಗೂ ಕೊಡಬೇಕು. ಬೆವರು ಹರಿದು ರಕ್ತದಲ್ಲಿ ನೀರೂ ಕಡಿಮೆಯಾಗಿರುತ್ತದೆ. ಒಂದೊಂದು ಬಡಿತಕ್ಕೆ ಸಿಗುವ ರಕ್ತ ಕಡಿಮೆಯಾದಾಗ ಬಡಿತದ ಸಂಖ್ಯೆ ಏರುತ್ತದೆ. ನಿಮ್ಮ ವಯಸ್ಸಿಗೆ ಗರಿಷ್ಠ ಬಡಿತ ಅಂದಾಜು 184. 172 ಎಂದರೆ ಅದರ ಶೇ 90ಕ್ಕೂ ಮೇಲೆ. ನಿಮ್ಮ ಸಾದಾ ಓಟ ಅಲ್ಲಿ ಸ್ಪರ್ಧೆಯ ಓಟವಾಗಿಬಿಟ್ಟಿದೆ.

ಆದ್ದರಿಂದ ಡಿಗ್ರಿ ನೋಡುವುದನ್ನು ಬಿಟ್ಟು ಡ್ಯೂ ಪಾಯಿಂಟ್ (ಗಾಳಿಯಲ್ಲಿನ ಆವಿ ಇಬ್ಬನಿಯಾಗತೊಡಗುವ ತಾಪಮಾನ) ನೋಡುವ ರೂಢಿ ಮಾಡಿಕೊಳ್ಳಿ. ಹವಾಮಾನದ ಬಹುತೇಕ ಆ್ಯಪ್‌ಗಳಲ್ಲಿ ತೇವಾಂಶದ ಪಕ್ಕದಲ್ಲೇ ಇರುತ್ತದೆ. ಬರೀ ಶೇಕಡಾ ತೇವಾಂಶ ನೋಡಿದರೆ ಮೋಸ ಹೋಗುತ್ತೀರಿ, ಏಕೆಂದರೆ ಚಳಿಯ ಮುಂಜಾನೆಯಲ್ಲೂ ಅದು ಶೇ 90 ಇರಬಹುದು. ಡ್ಯೂ ಪಾಯಿಂಟ್ ಮಾತ್ರ ಗಾಳಿಯಲ್ಲಿ ನಿಜಕ್ಕೂ ಎಷ್ಟು ನೀರಿದೆ ಎಂದು ಹೇಳುತ್ತದೆ. ಕಲಬುರಗಿಯಲ್ಲಿ ಮಧ್ಯಾಹ್ನ 41 ಡಿಗ್ರಿ, ತೇವಾಂಶ ಶೇ 15 ಇದ್ದರೆ ಡ್ಯೂ ಪಾಯಿಂಟ್ ಬರೀ 9. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್, ಅಂದರೆ ವೆಟ್ ಬಲ್ಬ್, ಅಲ್ಲಿ 21ರಲ್ಲಿ ನಿಲ್ಲುತ್ತದೆ. ದುಬೈಯಲ್ಲಿ ನಸುಕಿನ 31 ಡಿಗ್ರಿ, ಶೇ 80 ತೇವಾಂಶಕ್ಕೆ ಡ್ಯೂ ಪಾಯಿಂಟ್ 27, ವೆಟ್ ಬಲ್ಬ್ 28. ಬೆವರು ತಂಪು ಮಾಡಬಲ್ಲ ಮಿತಿಯೇ ಏಳು ಡಿಗ್ರಿ ಮೇಲಕ್ಕೆ ಹೋಯಿತು, ಅದೂ ಸೂರ್ಯ ಹುಟ್ಟುವ ಮೊದಲೇ. (ಊರಿನ ಮಧ್ಯಾಹ್ನದ ಬಿಸಿಲಲ್ಲಿ ಓಡಬಹುದು ಎಂದು ಇದರರ್ಥವಲ್ಲ. ನೇರ ಬಿಸಿಲಿನ ಶಾಖ ಬೇರೆಯೇ ಸೇರಿಕೊಳ್ಳುತ್ತದೆ.)

ನಾವು ಇಟ್ಟುಕೊಳ್ಳುವ ಮಿತಿ ಹೀಗಿದೆ. ಡ್ಯೂ ಪಾಯಿಂಟ್ 16ರ ಒಳಗಿದ್ದರೆ ಮನಸ್ಸಿಗೆ ಬಂದಂತೆ ಓಡಿ. 16ರಿಂದ 20ರವರೆಗೆ ಸಾದಾ ಓಟಕ್ಕೆ ತೊಂದರೆಯಿಲ್ಲ, ವೇಗದ ಅಭ್ಯಾಸ ಕಷ್ಟ. 21ರಿಂದ 24ರವರೆಗೆ ಕಿ.ಮೀ.ಗೆ 30ರಿಂದ 60 ಸೆಕೆಂಡ್ ನಿಧಾನ ಮಾಡಿ, ವೇಗದ ಅಭ್ಯಾಸ ಹೊರಗೆ ಬೇಡ. 25, 26 ಇದ್ದರೆ 40 ನಿಮಿಷಕ್ಕೆ ಮುಗಿಸಿ, ನಡುನಡುವೆ ನಡೆಯಿರಿ. 27 ದಾಟಿದರೆ ಆ ದಿನ ನಡಿಗೆ, ಇಲ್ಲವೇ ಒಳಗೆ ಟ್ರೆಡ್‌ಮಿಲ್. ಜುಲೈ, ಆಗಸ್ಟ್, ಸೆಪ್ಟೆಂಬರ್‌ನಲ್ಲಿ ದುಬೈಯ ಎಷ್ಟೋ ಬೆಳಗುಗಳು ಈ ಕೊನೆಯ ಸಾಲಿಗೇ ಸೇರುತ್ತವೆ. ಒಣ ಮರಳುಗಾಡಿನ ಗಾಳಿ ಬೀಸುವ ದಿನ ಡ್ಯೂ ಪಾಯಿಂಟ್ ದಿಢೀರನೆ ಇಳಿಯುತ್ತದೆ, ಅಂಥ ಬೆಳಗನ್ನು ಬಿಡಬೇಡಿ. ಆದರೆ ಅದೇ ಗಾಳಿ ಜೋರಾದರೆ ದೂಳು ಏಳುತ್ತದೆ. ವಾಯು ಗುಣಮಟ್ಟ ಸೂಚ್ಯಂಕ 150 ದಾಟಿದ್ದರೆ ಹೊರಗೆ ಓಡಬೇಡಿ.

ಸಂಜೆ ಓಡಲೇ ಎಂದು ಹಲವರು ಕೇಳುತ್ತಾರೆ. ಊರಲ್ಲಿ ಬೇಸಿಗೆಯ ಸಂಜೆ ಗಾಳಿ ಆಡುತ್ತದೆ, ಹಿತ ಎನಿಸುತ್ತದೆ. ದುಬೈಯಲ್ಲಿ ಮಧ್ಯಾಹ್ನದಿಂದ ಸಮುದ್ರದ ಗಾಳಿ ತೇವ ಹೊತ್ತು ತರುತ್ತದೆ. ದಿನವಿಡೀ ಕಾದ ರಸ್ತೆ, ಇಂಟರ್‌ಲಾಕ್ ಕಲ್ಲು, ಗೋಡೆಗಳು ರಾತ್ರಿ ಹತ್ತರವರೆಗೂ ಶಾಖ ಉಗುಳುತ್ತಿರುತ್ತವೆ. ಬೇಸಿಗೆಯಲ್ಲಿ ನಸುಕೇ ಒಳ್ಳೆಯದು. ಜೂನ್‌ನಲ್ಲಿ ಅಲ್ಲಿ ಸೂರ್ಯೋದಯ ಸುಮಾರು 5.30ಕ್ಕೆ, ಹಾಗಾಗಿ 4.30ಕ್ಕೆ ಬೂಟಿನ ದಾರ ಕಟ್ಟಿದರೆ ಬಿಸಿಲು ತಾಗುವ ಮೊದಲೇ ಮುಗಿಯುತ್ತದೆ. ಜನವರಿಯಲ್ಲಿ 7ರ ಸುಮಾರಿಗೆ ಸೂರ್ಯ ಹುಟ್ಟುತ್ತಾನೆ. ಆಗ ಯಾವ ಹೊತ್ತಾದರೂ ಸರಿ.

ಇನ್ನು ಪಳಗಿಸುವ ಕೆಲಸ. ಸೆಕೆಗೆ ದೇಹ ಒಗ್ಗಲು 10ರಿಂದ 14 ದಿನ ಬೇಕು. ಮೊದಲ ನಾಲ್ಕೈದು ದಿನದಲ್ಲಿ ರಕ್ತದ ದ್ರವಾಂಶ ಹೆಚ್ಚಿ ಹೃದಯ ಬಡಿತ ಇಳಿಯುತ್ತದೆ. ಎರಡನೇ ವಾರದಲ್ಲಿ ಬೆವರು ಬೇಗ ಶುರುವಾಗುತ್ತದೆ, ಹೆಚ್ಚು ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಇದು ತಾನಾಗಿ ಆಗುವುದಿಲ್ಲ, ದಿನಕ್ಕೆ ಒಂದಿಷ್ಟು ಹೊತ್ತು ಸೆಕೆಯಲ್ಲಿ ಮೈ ದುಡಿಯಬೇಕು. ನಿಮ್ಮ ತೊಂದರೆ ಇಲ್ಲೇ ಇರಬಹುದು: ಎ.ಸಿ. ರೂಮು, ಎ.ಸಿ. ಬಸ್ಸು, ಎ.ಸಿ. ಆಫೀಸು. ದುಬೈಗೆ ಬಂದು ತಿಂಗಳಾದರೂ ದೇಹಕ್ಕೆ ದುಬೈಯ ಪರಿಚಯವೇ ಆಗಿರುವುದಿಲ್ಲ. ಮೇಲಾಗಿ ಊರಿನಿಂದ ತಂದ ಹದವೂ ಮೂರು ನಾಲ್ಕು ವಾರದಲ್ಲಿ ಕರಗಿಹೋಗುತ್ತದೆ.

ಎರಡು ವಾರ ಹೀಗೆ ಮಾಡಿ. ಮೊದಲ ಮೂರು ದಿನ 25 ನಿಮಿಷ: ಒಂದು ನಿಮಿಷ ಮೆಲ್ಲಗೆ ಓಟ, ಎರಡು ನಿಮಿಷ ನಡಿಗೆ. ನಾಲ್ಕರಿಂದ ಏಳನೇ ದಿನ 30ರಿಂದ 35 ನಿಮಿಷ: ಮೂರು ನಿಮಿಷ ಓಟ, ಒಂದು ನಿಮಿಷ ನಡಿಗೆ. ಎರಡನೇ ವಾರ 40 ನಿಮಿಷ: ಒಂಬತ್ತು ನಿಮಿಷ ಓಟ, ಒಂದು ನಿಮಿಷ ನಡಿಗೆ. ಈ ಎರಡು ವಾರ ಒಂದು ದಿನಕ್ಕಿಂತ ಹೆಚ್ಚು ಬಿಡುವು ಬೇಡ. ಆದರೆ ಡ್ಯೂ ಪಾಯಿಂಟ್ 27 ದಾಟಿದ ದಿನ ಓಟವನ್ನೆಲ್ಲ ನಡಿಗೆಯಾಗಿ ಬದಲಿಸಿ. ಜೋರು ನಡಿಗೆಯೂ ದೇಹವನ್ನು ಪಳಗಿಸುತ್ತದೆ. ವಾಚಿನಲ್ಲಿ ವೇಗದ ಪುಟ ಮುಚ್ಚಿ ಬಡಿತದ ಪುಟ ತೆರೆದಿಡಿ. 145 ದಾಟಿದರೆ ನಡೆಯಿರಿ, 130ಕ್ಕೆ ಇಳಿದ ಮೇಲೆ ಮತ್ತೆ ಓಡಿ. ವಾಚು ಇಲ್ಲದವರು ಒಂದು ಪೂರ್ತಿ ವಾಕ್ಯವನ್ನು ಉಸಿರು ಕಡಿಯದೆ ಹೇಳಲು ಆಗುತ್ತದೆಯೇ ಎಂದು ನೋಡಿಕೊಂಡರೆ ಸಾಕು. ನಿಮ್ಮ 6 ನಿಮಿಷದ ವೇಗ 7 ಅಥವಾ 7.30ಕ್ಕೆ ಇಳಿಯುತ್ತದೆ. ಇಳಿಯಲಿ. ಹೃದಯಕ್ಕೆ ಬೇಕಾದ ದುಡಿಮೆ ಆ ವೇಗದಲ್ಲೇ ಸಿಗುತ್ತಿದೆ. ಕೊನೆಯಲ್ಲಿ ಥಟ್ಟನೆ ನಿಲ್ಲಬೇಡಿ. ಓಡುವಾಗ ಕಾಲಿನ ಸ್ನಾಯುಗಳೇ ರಕ್ತವನ್ನು ಮೇಲಕ್ಕೆ ಒತ್ತುತ್ತಿರುತ್ತವೆ. ಗಕ್ಕನೆ ನಿಂತರೆ ರಕ್ತ ಕಾಲಲ್ಲೇ ಉಳಿದು ಕಣ್ಣು ಕತ್ತಲೆ ಬರುತ್ತದೆ. ಐದು ನಿಮಿಷ ನಡೆದು ಮುಗಿಸಿ.

ರೂಮಿನಲ್ಲಿ ಎ.ಸಿ. 18ಕ್ಕೆ ಇಡುವ ರೂಢಿಯಿದ್ದರೆ 25ಕ್ಕೆ ತನ್ನಿ. ನಿದ್ದೆಗೆ ಅಷ್ಟು ತಂಪು ಸಾಕು, ಸೆಕೆಗೆ ಒಗ್ಗಲೂ ಅಡ್ಡಿಯಾಗುವುದಿಲ್ಲ. ರೂಮಿನ ಗೆಳೆಯರು ಒಪ್ಪಬೇಕು, ಅದು ಬೇರೆ ಮಾತು. ಎರಡು ವಾರ ಮುಗಿದ ಮೇಲೆ ವಾರಕ್ಕೆ ಮೂರು ದಿನ ಹೊರಗೆ, ಎರಡು ದಿನ ಟ್ರೆಡ್‌ಮಿಲ್ ಎಂದು ಹಂಚಿಕೊಳ್ಳಿ. ಅಲ್ ನಹ್ದಾದ ಹಲವು ಕಟ್ಟಡಗಳಲ್ಲಿ ಜಿಮ್ ಇರುತ್ತದೆ. ವೇಗದ ಅಭ್ಯಾಸವನ್ನೆಲ್ಲ ಅಲ್ಲೇ ಮಾಡಿ, ಇಳಿಜಾರು ಶೇ 1ಕ್ಕೆ ಇಡಿ, ಫ್ಯಾನ್ ಎದುರಿಗೇ ಇರಲಿ. ಟ್ರೆಡ್‌ಮಿಲ್ ಮೇಲೆ ನೀವು ಮುಂದಕ್ಕೆ ಸಾಗುವುದಿಲ್ಲವಾದ್ದರಿಂದ ಮೈಗೆ ಗಾಳಿ ತಾಗುವುದಿಲ್ಲ, ಎ.ಸಿ. ಇದ್ದೂ ಮೈ ಕಾಯುತ್ತದೆ.

ಜ್ವರ, ಭೇದಿ, ಹಿಂದಿನ ರಾತ್ರಿ ನಿದ್ದೆಗೇಡು ಅಥವಾ ಕುಡಿತ ಇದ್ದ ದಿನ ಹೊರಗಿನ ಓಟ ಪೂರ್ತಿ ಬಿಡಿ. ಸೆಕೆಯ ಆಘಾತ ಗಟ್ಟಿಮುಟ್ಟಾದ ಓಟಗಾರರನ್ನು ಹಿಡಿಯುವುದು ಹೆಚ್ಚಾಗಿ ಇಂಥ ದಿನಗಳಲ್ಲೇ. ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆ, ನೆಗಡಿ ಅಲರ್ಜಿಯ ಕೆಲವು ಮಾತ್ರೆಗಳು ಸೆಕೆ ತಡೆಯುವ ಶಕ್ತಿ ತಗ್ಗಿಸುತ್ತವೆ, ವೈದ್ಯರನ್ನು ಕೇಳಿ. ಓಡುವಾಗ ಎದೆ ಹಿಡಿದರೆ, ಪ್ರಜ್ಞೆ ತಪ್ಪಿದರೆ, ಮನೆತನದಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತ ಇದ್ದರೆ ಈ ಯೋಜನೆಗೆ ಮೊದಲು ಇ.ಸಿ.ಜಿ. ಮತ್ತು ವೈದ್ಯರ ಭೇಟಿ ಆಗಲೇಬೇಕು. ನಿಮ್ಮ ತಲೆಸುತ್ತು ವೇಗ ಇಳಿಸಿದ ಮೇಲೂ ಹೋಗದಿದ್ದರೆ ನಿಮಗೂ ಇದೇ ಮಾತು.

ನೀರಿನ ವಿಷಯದಲ್ಲಿ ಊಹೆ ಬೇಡ, ತೂಕ ನೋಡಿ. ಮೂತ್ರ ಮಾಡಿ, ಬಟ್ಟೆ ತೆಗೆದು ತೂಗಿ. 45 ನಿಮಿಷ ಓಡಿ ಬಂದು ಮೈ ಒರೆಸಿಕೊಂಡು ಮತ್ತೆ ತೂಗಿ. 70.0 ಇದ್ದದ್ದು 69.0 ಆಗಿದ್ದು, ನಡುವೆ 300 ಮಿ.ಲೀ. ಕುಡಿದಿದ್ದರೆ ನೀವು ಬೆವರಿದ್ದು 1.3 ಲೀಟರ್. ಶೇ 2ರವರೆಗೆ, ಅಂದರೆ ನಿಮಗೆ 1.4 ಕೆ.ಜಿ.ಯವರೆಗೆ ಇಳಿದರೆ ಚಿಂತೆಯಿಲ್ಲ. ಅದಕ್ಕಿಂತ ಹೆಚ್ಚಾದರೆ ಮುಂದಿನ ಸಲ ಹೆಚ್ಚು ಕುಡಿಯಿರಿ. 45 ನಿಮಿಷ ಮೀರಿದ ಓಟಕ್ಕೆ ಗಂಟೆಗೆ 400ರಿಂದ 800 ಮಿ.ಲೀ. ಬೇಕಾದೀತು, ಬಾಯಾರಿಕೆಯನ್ನೇ ಅಳತೆ ಮಾಡಿಕೊಳ್ಳಿ. ಬೆವರಿದಷ್ಟನ್ನೂ ಓಡುತ್ತಲೇ ತುಂಬಿಸಿಕೊಳ್ಳಲು ಹೋಗಬೇಡಿ. ಓಟದ ಕೊನೆಯಲ್ಲಿ ತೂಕ ಏರಿದ್ದರೆ ಅದು ಅಪಾಯದ ಸೂಚನೆ. ಬರೀ ನೀರು ಅತಿಯಾಗಿ ಕುಡಿದಾಗ ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಬರುತ್ತದೆ, ಪ್ರಾಣಕ್ಕೂ ಎರವಾಗಬಹುದು.

ಒಂದು ಲೀಟರ್ ಬೆವರಿನಲ್ಲಿ ಸಾಮಾನ್ಯವಾಗಿ 500ರಿಂದ 1,000 ಮಿ.ಗ್ರಾಂ. ಸೋಡಿಯಂ ಹೋಗುತ್ತದೆ, ಕೆಲವರಿಗೆ ಇನ್ನೂ ಹೆಚ್ಚು. ಟೋಪಿ, ಬನಿಯನ್ ಮೇಲೆ ಬಿಳಿ ಗೆರೆ ಮೂಡಿದರೆ ನೀವು ಆ ಗುಂಪಿನವರು. ದುಬಾರಿ ಪೇಯಗಳು ಬೇಕಿಲ್ಲ. ಒಂದು ಲೀಟರ್ ನೀರಿಗೆ ಬೆರೆಸುವ ಓ.ಆರ್.ಎಸ್. ಪೊಟ್ಟಣದಲ್ಲಿ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲುಕೋಸ್ ಇರುತ್ತದೆ, ದೀರ್ಘ ಓಟದ ನಂತರಕ್ಕೆ ಅದು ಚೆನ್ನ. ಮನೆಯಲ್ಲೇ ಮಾಡುವುದಾದರೆ ಲೀಟರ್ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಸಮ ಚಮಚ ಉಪ್ಪು. ಚಮಚ ಎಂದರೆ ಟೀ ಚಮಚ. ಉಪ್ಪು ಒಂದು ಚಮಚವಾದರೆ ಹೊಟ್ಟೆ ತೊಳಸುತ್ತದೆ. ಅಲ್ಲಿನ ಅಂಗಡಿಗಳಲ್ಲಿ ಸಿಗುವ ಲಬನ್ ನಮ್ಮ ಮಜ್ಜಿಗೆಯ ಹತ್ತಿರದ್ದು. ಅರ್ಧ ನೀರು, ಒಂದು ಚಿಟಿಕೆ ಉಪ್ಪು, ಜೀರಿಗೆ ಪುಡಿ ಸೇರಿಸಿದರೆ ಓಡಿ ಬಂದ ಮೇಲೆ ಅದಕ್ಕಿಂತ ಹಿತವಾದದ್ದಿಲ್ಲ. ಓಟಕ್ಕೆ ಮೊದಲು ಮಾತ್ರ ಬೇಡ, ಹೊಟ್ಟೆಯಲ್ಲಿ ಕಲಕುತ್ತದೆ.

ಬಟ್ಟೆ. ಹತ್ತಿಯ ಬನಿಯನ್ ಊರಿನ ಒಣ ಗಾಳಿಯಲ್ಲಿ ನಡೆಯುತ್ತದೆ, ದುಬೈಯಲ್ಲಿ ಬೆವರು ಕುಡಿದು ಮೈಗೆ ಅಂಟಿ ಗಾಳಿಯನ್ನೇ ತಡೆಯುತ್ತದೆ. ಜಾಳಿಗೆಯಂಥ ತೆಳು ಪಾಲಿಯೆಸ್ಟರ್, ತಿಳಿ ಬಣ್ಣ, ಸಡಿಲ ಹೊಲಿಗೆ. ಕಾಲುಚೀಲವೂ ಹತ್ತಿಯದಲ್ಲ, ನೈಲಾನ್ ಮಿಶ್ರಣದ್ದು. ಒದ್ದೆ ಹತ್ತಿ ಉಜ್ಜಿ ಬೊಬ್ಬೆ ಬರುವುದು ಹತ್ತೇ ನಿಮಿಷದ ಕೆಲಸ. ತೊಡೆಸಂದು, ಕಂಕುಳು, ಮೊಲೆತೊಟ್ಟುಗಳಿಗೆ ವ್ಯಾಸಲಿನ್ ಹಚ್ಚಿ. ಓಡಿ ಬಂದ ಕೂಡಲೇ ಒದ್ದೆ ಬಟ್ಟೆ ಬಿಚ್ಚಿ ಸ್ನಾನ ಮಾಡಿ, ತೊಡೆಸಂದು ಪೂರ್ತಿ ಒಣಗಿಸಿ. ಆ ಜಾಗದಲ್ಲಿ ಗಜಕರ್ಣ ಹತ್ತಿದರೆ ಈ ಹವೆಯಲ್ಲಿ ಬೇಗ ಬಿಡುವುದಿಲ್ಲ. ಸ್ಟೆರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ತುರಿಕೆ ನಿಂತಂತೆ ಕಂಡು ಒಳಗೆ ಹರಡುತ್ತದೆ. ಬೆವರುಸಾಲೆಯನ್ನೂ ಸಣ್ಣದೆಂದು ಬಿಡಬೇಡಿ. ಬೆವರಿನ ರಂಧ್ರ ಮುಚ್ಚಿದ ಚರ್ಮ ತಂಪಾಗುವುದಿಲ್ಲ, ಗುಳ್ಳೆ ಮಾಯವಾದ ಮೇಲೂ ಆ ಭಾಗ ಸರಿಯಾಗಿ ಬೆವರಲು ಕೆಲವು ವಾರ ಬೇಕು. ಬೂಟು ಎರಡು ಜೊತೆ ಇರಲಿ. ಒಳಗೆ ಹರಿದ ಬೆವರು ಆ ತೇವದ ಗಾಳಿಯಲ್ಲಿ ಒಂದು ದಿನಕ್ಕೆ ಆರುವುದಿಲ್ಲ, ಕಾಗದ ತುರುಕಿ ಎ.ಸಿ. ಕೋಣೆಯಲ್ಲಿಡಿ.

ಜಾಗದ ಮಾತಿಗೆ ಬಂದರೆ, ಬೇಸಿಗೆಯಲ್ಲಿ ಒಂದು ದಿಕ್ಕಿಗೆ ನಾಲ್ಕು ಕಿ.ಮೀ. ಹೋಗಿ ಹಿಂದಿರುಗುವ ದಾರಿ ಹಿಡಿಯಬೇಡಿ. ತಲೆಸುತ್ತು ಬರುವುದು ಯಾವಾಗಲೂ ಅತಿ ದೂರದ ತುದಿಯಲ್ಲೇ. ಒಂದು ಅಥವಾ ಒಂದೂವರೆ ಕಿ.ಮೀ. ಸುತ್ತು ಆರಿಸಿ, ನೀರಿನ ಬಾಟಲಿ ಒಂದೆಡೆ ಇಟ್ಟು ಪ್ರತಿ ಸುತ್ತಿಗೂ ಅದನ್ನು ದಾಟಿ ಹೋಗಿ. ನಿಮ್ಮ ಹತ್ತಿರದಲ್ಲೇ ಅಲ್ ನಹ್ದಾ ಪಾಂಡ್ ಪಾರ್ಕ್ ಇದೆ, ಬೇಸಿಗೆಗೆ ಅದೇ ಸಾಕು. ಅಲ್ ಮಮ್ಜರ್ ಕಡಲತೀರವೂ ದೂರವಲ್ಲ, ಆದರೆ ಆಗಸ್ಟ್‌ನಲ್ಲಿ ನೀರಿನ ಪಕ್ಕ ಸೆಕೆ ಹೆಚ್ಚು. ಚಳಿಗಾಲದಲ್ಲಿ ಜುಮೇರಾ ತೀರದ ಮೆತ್ತನೆಯ ಓಟದ ಹಾದಿ, ಝಬೀಲ್ ಪಾರ್ಕ್, ಮರಗಳ ನಡುವೆ ಓಡಬೇಕೆಂದರೆ ಮುಶ್ರಿಫ್ ಪಾರ್ಕ್. ಕೆಲವು ಪಾರ್ಕುಗಳಲ್ಲಿ ವಾರದ ಕೆಲವು ದಿನ ಮಹಿಳೆಯರಿಗೆ, ಮಕ್ಕಳಿಗೆ ಮಾತ್ರ ಪ್ರವೇಶ, ಬಾಗಿಲ ಫಲಕ ನೋಡಿಕೊಳ್ಳಿ. ಸೈಕಲ್ ಹಾದಿಯಲ್ಲಿ ಓಡಬೇಡಿ, ಅಲ್ಲಿ ಸೈಕಲ್‌ಗಳು ಬಹಳ ಜೋರಾಗಿ ಬರುತ್ತವೆ.

ಊರಿನ ಒಂದು ರೂಢಿಯನ್ನು ಮೊದಲ ದಿನವೇ ಬಿಡಬೇಕು. ದುಬೈಯಲ್ಲಿ ವಾಹನಗಳು ಬಲಬದಿಯಲ್ಲಿ ಚಲಿಸುತ್ತವೆ. ರಸ್ತೆ ದಾಟಲು ಕಾಲಿಡುವಾಗ ಕಲಬುರಗಿಯಲ್ಲಿ ಕುತ್ತಿಗೆ ತಾನಾಗಿ ಬಲಕ್ಕೆ ತಿರುಗುತ್ತದೆ, ದುಬೈಯಲ್ಲಿ ಮೊದಲು ಎಡಕ್ಕೆ ನೋಡಬೇಕು. ದಣಿದ ತಲೆ ಹಳೆಯ ರೂಢಿಗೇ ಜಾರುತ್ತದೆ, ಹಾಗಾಗಿ ದಾಟುವಾಗ ಓಟ ನಿಲ್ಲಿಸಿ ಎರಡೂ ಕಡೆ ನೋಡಿ. ಫುಟ್‌ಪಾತ್ ಇಲ್ಲದ ಒಳರಸ್ತೆಯಲ್ಲಿ ಎಡಬದಿಯಲ್ಲಿ, ಎದುರಿನಿಂದ ವಾಹನ ಬರುವುದು ಕಾಣುವಂತೆ ಓಡಿ. ಗುರುತು ಇಲ್ಲದ ಕಡೆ ರಸ್ತೆ ದಾಟಿದರೆ ದುಬೈಯಲ್ಲಿ 400 ದಿರ್ಹಂ ದಂಡ. ವೇಗದ ಹೆದ್ದಾರಿಯಲ್ಲಿ ದಾಟುವುದಕ್ಕೆ ಶಿಕ್ಷೆ ಇನ್ನೂ ಕಠಿಣ. ಸಿಗ್ನಲ್‌ನಲ್ಲಿ ಹಸಿರು ಮನುಷ್ಯ ಕಾಣುವವರೆಗೆ ನಿಂತಲ್ಲೇ ಕಾಲು ಆಡಿಸಿ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಬೆಳಿಗ್ಗೆ ದಟ್ಟ ಮಂಜು ಬೀಳುವ ದಿನಗಳಿವೆ. ಬೆಳಕು ಹೊಳೆಸುವ ಪಟ್ಟಿಯ ಜಾಕೀಟು ತೊಡಿ, ಅಂಥ ದಿನ ಪಾರ್ಕಿನ ಒಳಗೇ ಇರಿ.

ಅಂಗಿ ಬಿಚ್ಚಿ ಓಡುವುದು ಕಡಲತೀರದ ಮರಳಿನಾಚೆ ಬೇಡ. ಅಲ್ ನಹ್ದಾದ ಬೀದಿಗಳು ಶಾರ್ಜಾಕ್ಕೆ ಅಂಟಿಕೊಂಡೇ ಇವೆ, ನಾಲ್ಕು ಹೆಜ್ಜೆ ಹಾಕಿದರೆ ಬೇರೆ ಎಮಿರೇಟ್. ಅಲ್ಲಿ ಉಡುಪಿನ ನಿಯಮ ದುಬೈಗಿಂತ ಬಿಗಿ, ಮೊಣಕಾಲಿನವರೆಗೆ ಬರುವ ಚಡ್ಡಿ, ತೋಳಿರುವ ಟೀ ಶರ್ಟ್ ಹಾಕಿದ್ದರೆ ಎಲ್ಲಿಯೂ ತೊಡಕಿಲ್ಲ. ದಾರಿಯಲ್ಲಿ ಫೋಟೊ ತೆಗೆಯುವಾಗ ಬೇರೆಯವರು, ಅದರಲ್ಲೂ ಹೆಣ್ಣುಮಕ್ಕಳು, ಚೌಕಟ್ಟಿನೊಳಗೆ ಬರದಂತೆ ನೋಡಿಕೊಳ್ಳಿ. ಅನುಮತಿಯಿಲ್ಲದೆ ಮತ್ತೊಬ್ಬರ ಫೋಟೊ ತೆಗೆಯುವುದು ಅಲ್ಲಿ ಅಪರಾಧ. ವಿಮಾನ ನಿಲ್ದಾಣ, ಸೇನೆ, ಸರ್ಕಾರಿ ಕಟ್ಟಡಗಳ ಕಡೆಗೆ ಮೊಬೈಲ್ ಎತ್ತಲೇಬೇಡಿ. ರಂಜಾನ್ ತಿಂಗಳಲ್ಲಿ ಹಗಲು ಹೊತ್ತು ಎಲ್ಲರೆದುರು ನೀರು ಕುಡಿಯದಿರುವುದು ಮರ್ಯಾದೆ. ಇಫ್ತಾರ್ ಆಗಿ ಎರಡು ಗಂಟೆ ಬಿಟ್ಟು ಅಥವಾ ಫಜ್ರ್ (ನಸುಕಿನ ನಮಾಜು) ಬಾಂಗಿಗೆ ಮುಂಚೆ ಓಡಿದರೆ ನಿಮಗೂ ಅನುಕೂಲ. ಇಫ್ತಾರ್ ವೇಳೆಗೆ ಸರಿಯಾಗಿ ಮಾತ್ರ ರಸ್ತೆಯಲ್ಲಿರಬೇಡಿ, ಮನೆ ಸೇರುವ ಆತುರದಲ್ಲಿ ವಾಹನಗಳು ಜೋರಾಗಿರುತ್ತವೆ. ಎಮಿರೇಟ್ಸ್ ಐ.ಡಿ. ಮತ್ತು ರೂಮಿನ ಗೆಳೆಯನ ಫೋನ್ ನಂಬರ್ ಬರೆದ ಚೀಟಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಜೇಬಿನಲ್ಲಿಡಿ. ಬೆವರಿಗೆ ಚೀಟಿ ಕರಗಿಹೋಗುತ್ತದೆ.

ಈಗ ಹೇಳುವುದನ್ನು ರೂಮಿನ ಗೆಳೆಯರಿಗೂ ಓದಿ ಹೇಳಿ, ಏಕೆಂದರೆ ಆ ಹೊತ್ತಿಗೆ ನಿಮ್ಮ ತಲೆ ಕೆಲಸ ಮಾಡುತ್ತಿರುವುದಿಲ್ಲ. ತಲೆನೋವು, ಓಕರಿಕೆ, ನಿತ್ರಾಣ, ಸೆಕೆಯಲ್ಲೂ ರೋಮ ನಿಲ್ಲುವ ಚಳಿ ಕಂಡರೆ ದೇಹ ಬಳಲಿದೆ ಎಂದರ್ಥ. ಆ ಕ್ಷಣವೇ ಓಟ ನಿಲ್ಲಿಸಿ, ನೆರಳಿಗೆ ಅಥವಾ ಎ.ಸಿ. ಜಾಗಕ್ಕೆ ಹೋಗಿ, ಕಾಲು ಎತ್ತರಿಸಿ ಮಲಗಿ, ಮೈಮೇಲೆ ನೀರು ಸುರಿದುಕೊಳ್ಳಿ. ಮಾತು ತೊದಲಿದರೆ, ದಿಕ್ಕು ತಪ್ಪಿದರೆ, ಕುಡಿದವರಂತೆ ತೂರಾಡಿದರೆ, ಸಿಟ್ಟಿಗೆದ್ದು ಏನೇನೋ ಅಂದರೆ ಅದು ಸೆಕೆಯ ಆಘಾತ, ಒಳಗಿನ ತಾಪ 40 ಡಿಗ್ರಿ ದಾಟಿರುತ್ತದೆ. ನಮ್ಮ ಕಡೆ ಬಿಸಿಲು ಬಡಿದವರ ಮೈ ಒಣಗಿ ಸುಡುತ್ತದೆ ಎನ್ನುತ್ತಾರೆ. ವಯಸ್ಸಾದವರಲ್ಲಿ ಹಾಗಾಗುವುದು ನಿಜ. ಓಡುತ್ತ ಬಿದ್ದವರ ಮೈ ಬೆವರಿನಿಂದ ತೊಯ್ದೇ ಇರುತ್ತದೆ, ಆದ್ದರಿಂದ ಬೆವರು ಇದೆಯಲ್ಲ, ಏನೂ ಆಗಿಲ್ಲ ಎಂದು ಕಾಯಬಾರದು. 998ಕ್ಕೆ ಕರೆ ಮಾಡಿ ಆ್ಯಂಬುಲೆನ್ಸ್ ಕರೆಸಿ. ಅದು ಬರುವವರೆಗೆ ಸುಮ್ಮನೆ ಕೂರಬೇಡಿ, ತಂಪು ಮಾಡುವುದೇ ಚಿಕಿತ್ಸೆ. ಬಟ್ಟೆ ಸಡಿಲಿಸಿ, ತಣ್ಣೀರಿನ ತೊಟ್ಟಿ ಇದ್ದರೆ ಕುತ್ತಿಗೆಯವರೆಗೆ ಮುಳುಗಿಸಿ, ತಲೆ ನೀರಿನ ಮೇಲೆ ಹಿಡಿದುಕೊಳ್ಳಿ. ಇಲ್ಲದಿದ್ದರೆ ಐಸ್ ನೀರಲ್ಲಿ ಅದ್ದಿದ ಟವೆಲ್‌ಗಳನ್ನು ಮೈತುಂಬ ಹೊದಿಸಿ, ಎರಡು ನಿಮಿಷಕ್ಕೊಮ್ಮೆ ಬದಲಿಸಿ. ಹತ್ತಿರದ ಬಕಾಲದಲ್ಲಿ, ಅಂದರೆ ಕಿರಾಣಿ ಅಂಗಡಿಯಲ್ಲಿ, ಐಸ್ ಸಿಗುತ್ತದೆ. ಬಿದ್ದ ಅರ್ಧ ಗಂಟೆಯೊಳಗೆ ತಾಪ ಇಳಿದರೆ ಉಳಿಯುತ್ತಾರೆ. ಪ್ಯಾರಾಸಿಟಮಾಲ್ ಇಲ್ಲಿ ನಿರುಪಯೋಗಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಫೆಬ್ರುವರಿಯ ಆಸೆ ಈಡೇರುವಂಥದ್ದೇ. ಅಕ್ಟೋಬರ್ ನಡುವಿನಿಂದ ಗಾಳಿ ಒಣಗತೊಡಗುತ್ತದೆ, ನವೆಂಬರ್‌ನಿಂದ ಮಾರ್ಚ್‌ವರೆಗೆ ಓಡಲು ಅಲ್ಲಿನಂಥ ಹವೆ ನಮ್ಮ ಬೀದರ್‌ನ ಚಳಿಗಾಲ ಬಿಟ್ಟರೆ ಬೇರೆಡೆ ಸಿಗುವುದು ಕಷ್ಟ. ಬೇಸಿಗೆಯಲ್ಲಿ ವಾರಕ್ಕೆ 20ರಿಂದ 25 ಕಿ.ಮೀ. ಬಿಡದೆ ಉಳಿಸಿಕೊಂಡರೆ ಸಾಕು. ನವೆಂಬರ್‌ನಿಂದ ದೀರ್ಘ ಓಟವನ್ನು 10 ಕಿ.ಮೀ.ನಿಂದ ಶುರುಮಾಡಿ ವಾರಕ್ಕೊಂದು ಕಿ.ಮೀ. ಏರಿಸಿ, ಪ್ರತಿ ನಾಲ್ಕನೇ ವಾರ ಮೂರನೇ ಒಂದು ಭಾಗ ಇಳಿಸಿ, ಸ್ಪರ್ಧೆಗೆ ಮೂರು ವಾರ ಮೊದಲು 17, 18ಕ್ಕೆ ತಲುಪಿ. ವಾರದ ಒಟ್ಟು 40ರಿಂದ 45 ಕಿ.ಮೀ. ಸಾಕು. 2022ರಿಂದ ಅಲ್ಲಿ ವಾರದ ರಜೆ ಶನಿವಾರ, ಭಾನುವಾರಕ್ಕೆ ಬಂದಿರುವುದರಿಂದ ದೀರ್ಘ ಓಟ ಭಾನುವಾರಕ್ಕಿರಲಿ. ವಾರದ ನಡುವೆ ಒಮ್ಮೆ 15ರಿಂದ 20 ನಿಮಿಷ, ನಾಲ್ಕೈದು ಪದ ಮಾತ್ರ ಆಡಲಾಗುವಷ್ಟು ಜೋರಾಗಿ ಓಡಿ. ನವೆಂಬರ್‌ನಲ್ಲಿ ಶೇಖ್ ಝಾಯೆದ್ ರಸ್ತೆಯನ್ನು ವಾಹನಗಳಿಗೆ ಮುಚ್ಚಿ ನಡೆಸುವ ದುಬೈ ರನ್ ಉಚಿತ, ಅದರ 10 ಕಿ.ಮೀ. ಓಟ ನಿಮಗೆ ಒಳ್ಳೆಯ ಪರೀಕ್ಷೆ. ರಾಸ್ ಅಲ್ ಖೈಮಾದ ದಾರಿ ಸಮತಟ್ಟು, ವೇಗಕ್ಕೆ ಹೆಸರಾದದ್ದು. 2020ರಲ್ಲಿ ಇಥಿಯೋಪಿಯಾದ ಅಬಾಬೆಲ್ ಯೆಶಾನೆ 1 ಗಂಟೆ 4 ನಿಮಿಷ 31 ಸೆಕೆಂಡಿನ ಮಹಿಳಾ ವಿಶ್ವದಾಖಲೆ ಬರೆದದ್ದು ಅಲ್ಲೇ. ಏರು ಇಲ್ಲವೆಂದು ಮೊದಲ 5 ಕಿ.ಮೀ. ಹಾರಿಹೋಗಬೇಡಿ. 75 ನಿಮಿಷ ಮೀರಿದ ಓಟಕ್ಕೆ ಗಂಟೆಗೆ 30 ಗ್ರಾಂ ಆದರೂ ಸಕ್ಕರೆ ಬೇಕು. ಸಾಧಾರಣ ಗಾತ್ರದ ಖರ್ಜೂರ ಒಂದರಲ್ಲಿ 6 ಗ್ರಾಂ ಆಸುಪಾಸು ಇರುತ್ತದೆ, ಬೀಜ ತೆಗೆದು ಐದಾರು ಜೇಬಿಗೆ ಹಾಕಿಕೊಳ್ಳಿ. ಭಾರತೀಯ ಅಂಗಡಿಗಳಲ್ಲಿ ಜೋಳದ ಹಿಟ್ಟು ಸಿಗುತ್ತದೆ, ನಿತ್ಯದ ಊಟಕ್ಕೆ ರೊಟ್ಟಿಯೇ ಇರಲಿ. ದೀರ್ಘ ಓಟದ ಹಿಂದಿನ ರಾತ್ರಿ ಮಾತ್ರ ನಾರು ಕಡಿಮೆಯಿರುವ ಅನ್ನ ಉಣ್ಣಿ.

ಇದನ್ನು ಓದಿ ಬೀದರ್, ಯಾದಗಿರಿಯಿಂದ ಹೊರಡಲಿರುವವರಿಗೂ ಒಂದು ಮಾತು. ಕೆಲಸಕ್ಕೆ ಸೇರುವ ದಿನ ನಿಮ್ಮ ಕೈಯಲ್ಲಿದ್ದರೆ ಅಕ್ಟೋಬರ್ ಕೊನೆಗೆ ಹೋಗಿ, ಮುಂದಿನ ಬೇಸಿಗೆಯ ಹೊತ್ತಿಗೆ ಊರು, ದಾರಿ, ದೇಹ ಎಲ್ಲ ಪರಿಚಯವಾಗಿರುತ್ತದೆ. ಊರಿಂದ ಮಾತ್ರೆ ಕಟ್ಟಿಕೊಂಡು ಹೋಗುವಾಗ ಎಚ್ಚರ. ಮಂಡಿನೋವಿಗೆಂದು ಇಲ್ಲಿ ಬರೆದುಕೊಡುವ ಟ್ರಮಡಾಲ್, ಕೆಮ್ಮಿನ ಔಷಧದಲ್ಲಿರುವ ಕೋಡೀನ್ ಅಲ್ಲಿ ನಿಯಂತ್ರಿತ ಪಟ್ಟಿಯಲ್ಲಿವೆ. ಮುಂಗಡ ಅನುಮತಿಯಿಲ್ಲದೆ ಒಯ್ದರೆ ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ. ಡೈಕ್ಲೋಫಿನ್ಯಾಕ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ ನುಂಗಿ ಸೆಕೆಯಲ್ಲಿ ಓಡಬೇಡಿ. ನೀರು ಕಡಿಮೆಯಾದ ದೇಹದಲ್ಲಿ ಅವು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಮತ್ತಷ್ಟು ತಗ್ಗಿಸುತ್ತವೆ. ಓಡಿದ ಮರುದಿನ ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿ ತೊಡೆಗಳು ಬಿಗಿದು ನೋಯುತ್ತಿದ್ದರೆ ಸ್ನಾಯು ಕರಗಿ ಮೂತ್ರಪಿಂಡಕ್ಕೆ ಇಳಿಯುತ್ತಿರಬಹುದು. ಅಂದೇ ಆಸ್ಪತ್ರೆಗೆ ಹೋಗಿ ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತೋರಿಸುತ್ತದೆ) ಮತ್ತು ಸಿ.ಪಿ.ಕೆ. (ಸ್ನಾಯುವಿನ ಹಾನಿ ತೋರಿಸುತ್ತದೆ) ಎರಡನ್ನೂ ಪರೀಕ್ಷೆ ಮಾಡಿಸಿ.